ಬೇಲಿಯ ಹೊಂಗೆ, ಸೀಮೆಯ ಎಣ್ಣೆ

ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು. ಹೊರಗಿನಿಂದ ಬಂದ ವಸ್ತುವಿಗೆಲ್ಲ ಕನ್ನಡಿಗರು ‘ಸೀಮೆ’ ಎಂಬ ಗುರುತು ಹಚ್ಚಿಯೇ ಒಳಗೆ ಬಿಟ್ಟುಕೊಂಡಿದ್ದಾರೆ. ಸೀಮೆಎಣ್ಣೆಯೂ ಹಾಗೆ ಬಂದದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದು ತಗಡಿನ ಡಬ್ಬಗಳಲ್ಲಿ ಹಳ್ಳಿ ಸೇರುವ ಮುನ್ನ ಹಣತೆಗಳಲ್ಲಿ ಉರಿಯುತ್ತಿದ್ದುದು ಹೊಂಗೆ, ಹಿಪ್ಪೆ, ಹರಳೆಣ್ಣೆ. ಘಟ್ಟದ ಕಾಡಿನಂಚಿನಲ್ಲಿ ಧೂಪದ ಮರದ ಬೀಜದಿಂದ ತುಪ್ಪದಂತೆ ಹೆಪ್ಪುಗಟ್ಟುವ ಜಿಡ್ಡನ್ನು ತೆಗೆಯುತ್ತಿದ್ದರು. ಹೊಸ ಎಣ್ಣೆಗೆ ಹೊಗೆ ಹೆಚ್ಚು, ಬೆಳಕೂ ಹೆಚ್ಚು. ಗಾಣಗಳು ಒಂದೊಂದಾಗಿ ನಿಂತವು. ಹೊಂಗೆ ಮಾತ್ರ ಹಸಿರೆಲೆ ಗೊಬ್ಬರಕ್ಕೂ ನೆರಳಿಗೂ ಬೇಲಿಯಲ್ಲಿ ಉಳಿದುಕೊಂಡಿತು.

ಈ ಪರಾವಲಂಬನೆಯ ಮೊದಲ ಪೆಟ್ಟು ಬಿದ್ದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಪೆಟ್ರೋಲಿಗೆ ಪಡಿತರ ಬಂದಾಗ ಮೈಸೂರು ಸಂಸ್ಥಾನದ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದವು. ಬಸ್ಸಿಗೊಂದು ಒಲೆ, ಒಲೆಗೆ ಗಾಳಿ ಹಾಕಲು ತಿರುಗಣೆ, ಅದನ್ನು ತಿರುಗಿಸಲೊಬ್ಬ ಹುಡುಗ. ಏರು ಬಂದರೆ ಪ್ರಯಾಣಿಕರೂ ಇಳಿದು ನೂಕಬೇಕು! ಯುದ್ಧ ಮುಗಿಯಿತು, ಪೆಟ್ರೋಲು ಬಂತು, ಇದ್ದಿಲು ಬಸ್ಸು ತಮಾಷೆಯ ನೆನಪಾಯಿತು.

1973ರಲ್ಲಿ ಅರಬ್ ರಾಷ್ಟ್ರಗಳು ತೈಲದ ನಲ್ಲಿ ತಿರುಗಿಸಿದ ಮೇಲೆ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಮರುವರ್ಷ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅದು ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿತು. ಅಡುಗೆಗೆ ಅನಿಲ ಕೊಡುವುದು ಮೊದಲಿನ ಲೆಕ್ಕಾಚಾರ. ಅಷ್ಟಕ್ಕೆ ಊರಿನ ಸಗಣಿ ಸಾಲಲಿಲ್ಲ. ಊರವರಿಗೆ ಬೇಕಿದ್ದುದು ಕುಡಿಯುವ ನೀರು, ದೀಪ. 1987ರಿಂದ ಅದೇ ಅನಿಲ, ಜತೆಗೆ ಸ್ವಲ್ಪ ಡೀಸೆಲ್, ಎಂಜಿನ್ ಓಡಿಸಿ ಮನೆಗಳಿಗೆ ಬೆಳಕನ್ನೂ ನಲ್ಲಿಗೆ ನೀರನ್ನೂ ಕೊಟ್ಟಿತು. ಸಗಣಿ ತಂದು ಹಾಕಿದವರಿಗೆ ಸಣ್ಣ ಮೊತ್ತದ ಕಾಸು ಸಿಕ್ಕಿತು, ಗೊಬ್ಬರವೂ ಹಿಂತಿರುಗಿತು. ಜನರಿಗೆ ಬೇಕಾದದ್ದು ಏನೆಂದು ತಿಳಿಯಲು ವಿಜ್ಞಾನಿಗಳಿಗೂ ಕೆಲವು ವರ್ಷ ಹಿಡಿಯಿತು ಎಂಬುದು ಇಲ್ಲಿ ಗಮನಿಸಬೇಕಾದ ಮಾತು.

ಅದೇ ಸಂಸ್ಥೆಯ ಉಡುಪಿ ಶ್ರೀನಿವಾಸ ಹೊಂಗೆಯತ್ತ ತಿರುಗಿದರು. ಕಗ್ಗನಹಳ್ಳಿಯಲ್ಲಿ ಡೀಸೆಲ್ ಬದಲು ಹೊಂಗೆ ಎಣ್ಣೆ ಕುಡಿದ ಜನರೇಟರುಗಳು ವಿದ್ಯುತ್ ಕೊಟ್ಟು ಹೊಲಗಳಿಗೆ ನೀರೆತ್ತಿದವು. ಇದರಲ್ಲಿ ಪವಾಡವೇನಿಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತ್ತು.

ಹಾಸನ ಜಿಲ್ಲೆಗೆ ಈ ಕತೆ ಬಂದದ್ದು 2007ರಲ್ಲಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬಾಲಕೃಷ್ಣ ಗೌಡರ ನೇತೃತ್ವದಲ್ಲಿ ಹಾಸನದ ಬಳಿಯ ಮಡೇನೂರಿನಲ್ಲಿ ಜೈವಿಕ ಇಂಧನ ಉದ್ಯಾನ ತಲೆಯೆತ್ತಿತು. ಆ ದಿನಗಳಲ್ಲಿ ದೇಶಕ್ಕೆಲ್ಲ ಜತ್ರೋಪದ ಹುಚ್ಚು. ಗದ್ದೆ ಹೊಲವನ್ನೇ ಅದಕ್ಕೆ ಬಿಟ್ಟವರು ಹಲವೆಡೆ ಕೈ ಸುಟ್ಟುಕೊಂಡರು. ಹಾಸನದವರ ಲೆಕ್ಕ ಬೇರೆ. ಬೆಳೆಯುವ ಭೂಮಿ ಮುಟ್ಟಬಾರದು, ಬದು, ಬೇಲಿ, ಪಾಳು ಜಾಗ ಸಾಕು. ಒಂದೇ ಮರ ಬೇಡ, ಹೊಂಗೆ, ಹಿಪ್ಪೆ, ಬೇವು, ಸಿಮರೂಬ ಎಲ್ಲ ಇರಲಿ. ಹಳ್ಳಿಗಳಲ್ಲಿ ಬೆಳೆಗಾರರ ಸಂಘಗಳಾದವು. 2009ರಲ್ಲಿ ರಾಜ್ಯ ಜೈವಿಕ ಇಂಧನ ನೀತಿ, ಮರುವರ್ಷ ಅದಕ್ಕೊಂದು ಮಂಡಳಿ ಬಂದವು.

ಮರ ನೆಡುವುದು ಸುಲಭ, ಕಾಯಿ ಆರಿಸುವುದು ಕಷ್ಟ. ಸಣ್ಣ ಯಂತ್ರದ ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ಸುಮಾರು 4 ಕಿಲೋ ಬೀಜ ಬೇಕು. ಅದನ್ನು ನೆಲದಿಂದ ಹೆಕ್ಕಿ, ಒಣಗಿಸಿ, ಸಿಪ್ಪೆ ಬಡಿದು ತೆಗೆಯಬೇಕು. ಕಾಫಿ ತೋಟದಲ್ಲಿ ದಿನಗೂಲಿ ಸಿಗುವ ಸಕಲೇಶಪುರ, ಆಲೂರಿನಲ್ಲಿ ಈ ಕೆಲಸಕ್ಕೆ ಯಾರು ಬರುತ್ತಾರೆ? ಆನೆ ತಿರುಗುವ ಊರುಗಳಲ್ಲಿ ನಸುಕಿನಲ್ಲಿ ಬೇಲಿ ಹುಡುಕುವುದೂ ಅಪಾಯ. ಬರೀ ಎಣ್ಣೆಯ ಬೆಲೆ ನೋಡಿದರೆ ಈ ಲೆಕ್ಕ ಕೂಡುವುದಿಲ್ಲ. ಉಳಿಯುವ 3 ಕಿಲೋ ಹಿಂಡಿ ಒಳ್ಳೆಯ ಗೊಬ್ಬರ. ಅದನ್ನು ತನ್ನ ತೋಟಕ್ಕೇ ಹಾಕಿಕೊಳ್ಳುವವನಿಗೆ ಮಾತ್ರ ಲೆಕ್ಕ ಸ್ವಲ್ಪ ಬದಲಾಗುತ್ತದೆ. ನನ್ನ ದೃಷ್ಟಿಯಲ್ಲಿ ಯೋಜನೆಯ ಪ್ರಚಾರದಲ್ಲಿ ಎಣ್ಣೆಗೆ ಸಿಕ್ಕಷ್ಟು ಮಾತು ಹಿಂಡಿಗೂ ಸಿಗಬೇಕಿತ್ತು.

ಈ ನಡುವೆ ಜಿಲ್ಲೆಯ ಮಣ್ಣಿನಡಿಯಲ್ಲೇ ಬೇರೊಂದು ಎಣ್ಣೆ ಹರಿಯತೊಡಗಿತ್ತು. ಮಂಗಳೂರಿನಿಂದ ನೇರಿಯ, ಹಾಸನಗಳ ಮೂಲಕ ಬೆಂಗಳೂರಿನತ್ತ ಹೋಗುವ, 360 ಕಿಲೋಮೀಟರಿಗೂ ಉದ್ದದ ಪೆಟ್ರೋಲಿಯಂ ಕೊಳವೆ 2003ರಲ್ಲಿ ಕಾರ್ಯಾರಂಭ ಮಾಡಿತು.

ಎಣ್ಣೆಯ ಚಿಂತೆ ಈಗ ಮಳೆಯ ಚಿಂತೆಯೊಂದಿಗೆ ಹೆಣೆದುಕೊಂಡಿದೆ. ಮಂಜರಾಬಾದ್ ಎನಿಸಿದ್ದ ಈ ಸೀಮೆಯಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರ ತನ್ನ ಪುಸ್ತಕದಲ್ಲಿ ಮರದ ನೆರಳನ್ನು ಕಾಫಿಯ ಪ್ರಾಣವೆಂಬಂತೆ ವಿವರಿಸಿದ್ದಾನೆ. ನೆರಳು ಬೋಳಾದಲ್ಲಿ ಕಾಂಡಕೊರಕ ಗಿಡಗಳನ್ನು ತಿಂದುಹಾಕಿತ್ತು. ಬಿಸಿಲು ತಡೆಯಲು ಬೆಳೆಗಾರರು ಆಗಲೇ ಕಂಡುಕೊಂಡಿದ್ದ ಉಪಾಯವಿದು, ಇಂದಿಗೂ ಅಷ್ಟೇ ಅಗ್ಗ. ಆದರೆ ಮಳೆ ಹೊತ್ತು ತಪ್ಪಿದರೆ ನೆರಳು ಏನು ಮಾಡೀತು? ಬೇಸಿಗೆಯ ಆರಂಭದಲ್ಲಿ ಒಂದು ಹದವಾದ ಹೂಮಳೆ ಬೀಳದಿದ್ದರೆ ರೊಬಸ್ಟಾ ಅರಳದು. ಆಗ ಕೆರೆಗೆ ಪಂಪು ಇಳಿಸಿ ಸ್ಪ್ರಿಂಕ್ಲರಿನಲ್ಲಿ ಮಳೆ ಸುರಿಸಬೇಕು. ಒಂದು ಎಕರೆಗೆ ಒಂದಂಗುಲ ಮಳೆ ಎಂದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಅದನ್ನು ಗುಡ್ಡ ಹತ್ತಿಸುವುದು ಬಹುಪಾಲು ಡೀಸೆಲ್. ಎರಡೆಕರೆಯ ಸಣ್ಣ ಬೆಳೆಗಾರನಿಗೆ ಆ ಪಂಪಿನ ಬಾಡಿಗೆಯೂ ಭಾರ. ಇತ್ತ 2018ರ ಆಗಸ್ಟಿನ ಮಳೆಗೆ ಗುಡ್ಡಗಳು ಜಾರಿ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗ ವಾರಗಟ್ಟಲೆ ಮುಚ್ಚಿತು. 2024ರ ಜುಲೈಯಲ್ಲಿ ಯಡಕುಮರಿ ಬಳಿ ಮತ್ತೆ ಮಣ್ಣು ಕುಸಿಯಿತು.

ಅಂಥ ಮಳೆಗಾಲದಲ್ಲಿ ವಿದ್ಯುತ್ ಕಂಬ ಬಿದ್ದರೆ ಒಂಟಿಮನೆಗಳಿಗೆ ದಿನಗಟ್ಟಲೆ ಕತ್ತಲೆ. ಹಾಗಾಗಿ ಮಲೆನಾಡಿನ ಅನೇಕ ಮನೆಯವರು ಹಿತ್ತಲ ಹಳ್ಳಕ್ಕೇ ಕೊಳವೆ ಹಾಕಿ ಪುಟ್ಟ ಟರ್ಬೈನ್ ಕೂರಿಸಿದ್ದಾರೆ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರು ಬಿದ್ದರೆ, ಸೋರಿಕೆ ಕಳೆದು, ಹೆಚ್ಚುಕಡಿಮೆ ಒಂದು ಕಿಲೋವಾಟ್ ಸಿಗುತ್ತದೆ. ಒಂದು ಮನೆಯ ದೀಪ, ಟಿ.ವಿ.ಗೆ ಧಾರಾಳ, ಮಿಕ್ಕಿದ್ದು ಸ್ನಾನದ ನೀರು ಕಾಯಿಸುತ್ತದೆ. ಸರ್ಕಾರದ ಸಹಾಯಧನವೂ ಇದಕ್ಕೆ ದೊರೆತಿದೆ. ಎಣ್ಣೆ ಬೇಡ, ಅಣೆಕಟ್ಟು ಬೇಡ, ಕಾಡೂ ಮುಳುಗದು. ಹೊಂಗೆ ಎಣ್ಣೆಗಿಂತ ಇದು ಬೇಗ ಮನೆಮಾತಾದದ್ದಕ್ಕೆ ಕಾರಣ ಸರಳ: ನೀರನ್ನು ಯಾರೂ ಕೂಲಿ ಕೊಟ್ಟು ಹೆಕ್ಕಬೇಕಿಲ್ಲ.

ಇದಕ್ಕಿರುವ ಮಿತಿ ಋತುವಿನದು. ಜೂನ್‌ನಲ್ಲಿ ತುಂಬಿದ ಹಳ್ಳ ಚಳಿಗಾಲ ಕಳೆಯುವಾಗ ಸೊರಗುತ್ತದೆ. ಟರ್ಬೈನ್ ನಿಲ್ಲುವ ಆ ಫೆಬ್ರುವರಿ–ಮಾರ್ಚ್ ತಿಂಗಳಲ್ಲೇ ಕೆರೆಯ ದಂಡೆಯಲ್ಲಿ ಡೀಸೆಲ್ ಪಂಪುಗಳ ಸದ್ದು ಶುರು. ಬೇಲಿಯ ಹೊಂಗೆಯ ಕಾಯಿ ಬಲಿತು ಉದುರುವುದೂ ಅದೇ ಸುಮಾರಿಗೆ.