ಪರರ ಮಕ್ಕಳಿಗೆ ಶಾಲೆ, ಸ್ವಂತ ಮಕ್ಕಳಿಗೆ ಹಡಗು

ತಲಶ್ಶೇರಿ ಪೇಟೆಯಿಂದ ಕಣ್ಣೂರಿನ ಕಡೆಗೆ ಹೋಗುವ ರಸ್ತೆಯಲ್ಲಿ, ಹೊಳೆ ದಾಟಿದ ಮೇಲೆ, ಇಲ್ಲಿಕ್ಕುನ್ನು ಎಂಬ ಗುಡ್ಡ ಸಿಗುತ್ತದೆ. ಅದರ ಮೇಲೊಂದು ಹಳೆಯ ಬಂಗಲೆ ಇದೆ. ಮಲೆಯಾಳ ಭಾಷೆಗೆ ದೊಡ್ಡ ನಿಘಂಟು ಕೊಟ್ಟ ಹೆರ್ಮನ್ ಗುಂಡರ್ಟ್ ನೆಲೆ ಮಾಡಿಕೊಂಡಿದ್ದ ಜಾಗ ಅದು. ಈಗ ಅದು ಸಂಗ್ರಹಾಲಯವಾಗಿದೆ. ನಾನು ಬ್ಯಾಂಕಿನ ಗುಮಾಸ್ತನಾಗಿ ತಲಶ್ಶೇರಿ ಶಾಖೆಯಲ್ಲಿ ಕೆಲಸ ಮಾಡುತ್ತಿದ್ದಾಗ ಸಂಜೆ ಆ ಗುಡ್ಡದ ಬುಡದಲ್ಲಿ ಎಷ್ಟೋ ಸಲ ನಡೆದು ಹೋಗಿದ್ದೇನೆ. ಆಗ ಅದರ ಕತೆ ನನಗೆ ತಿಳಿದಿರಲಿಲ್ಲ. ನಿವೃತ್ತನಾದ ಮೇಲೆ ಪುಸ್ತಕಗಳನ್ನು ತೆರೆದು ನೋಡುವಾಗ ತಿಳಿಯಿತು. ನಾನು ಇತಿಹಾಸಕಾರನಲ್ಲ, ಮೆಟ್ರಿಕ್ ಮಟ್ಟಿಗೆ ಓದಿದವನು. ಆದರೆ ಮೂವತ್ತು ಚಿಲ್ಲರೆ ವರ್ಷ ಲೆಡ್ಜರು ಬರೆದವನಿಗೆ ಒಂದು ಅಭ್ಯಾಸ ಇರುತ್ತದೆ. ಜಮಾ ಬರೆದ ಪುಟವನ್ನು ನೋಡಿದ ಕೂಡಲೇ ಖರ್ಚಿನ ಪುಟ ಎಲ್ಲಿದೆ ಎಂದು ಹುಡುಕುವುದು. ಇಂದು ನಿಮ್ಮ ಮುಂದಿಡುವುದು ಅಂಥ ಒಂದು ಖರ್ಚಿನ ಪುಟ.

ಬಾಸೆಲ್ ಮಿಶನ್ ಎಂಬ ಹೆಸರು ನಮ್ಮ ಕಾಸರಗೋಡು, ಮಂಗಳೂರು ಕಡೆಯವರಿಗೆ ಹೊಸದಲ್ಲ. ಹೆಂಚು ಎಂದರೆ ಮಿಶನ್ ಹೆಂಚು, ಅಚ್ಚುಕೂಟ ಎಂದರೆ ಬಲ್ಮಠದ ಅಚ್ಚುಕೂಟ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಗೆ ಬಂದು ಸೇರುತ್ತಿದ್ದವರಲ್ಲಿ ಹೆಚ್ಚಿನವರು ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮಕ್ಕಳು. 1833ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸನ್ನದು ನವೀಕರಣವಾದಾಗ ಇಂಗ್ಲಿಷರಲ್ಲದ ಮಿಶನರಿಗಳಿಗೂ ಇಲ್ಲಿ ಕೆಲಸ ಮಾಡುವ ದಾರಿ ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರ್ ತಿಂಗಳಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಆಗ ಕಾಸರಗೋಡು ಕೂಡ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು ಎಂಬುದು ನಿಮಗೆ ಗೊತ್ತೇ ಇದೆ. 1956ರ ತನಕ ಹಾಗೆಯೇ ಇತ್ತು.

ಬಂದವರಿಗೆ ಇಲ್ಲಿಯ ಭಾಷೆ ತಿಳಿಯದು, ಜನ ತಿಳಿಯದು. ಎಲ್ಲಿ ನೆಲೆಸಬೇಕು, ಯಾರಿಗೆ ಕಲಿಸಬೇಕು, ಏನು ಮಾಡಬೇಕು? ಅವರು ದಾರಿ ಕೇಳುತ್ತಿದ್ದ ಕಡೆಗಳು ಎರಡು. ಒಂದು ದೇವರು. ಅವರ ಸೀಮೆಯ ಭಕ್ತರ ಮನೆಗಳಲ್ಲಿ ದಿನಕ್ಕೊಂದು ವಾಕ್ಯವನ್ನು ಓದಿ, ಅದನ್ನು ಆ ದಿನದ ಅಪ್ಪಣೆಯೆಂದು ಮನಸ್ಸಿಗೆ ತಂದುಕೊಳ್ಳುವ ರೂಢಿ ಇತ್ತು. ಇನ್ನೊಂದು ಬಾಸೆಲಿನ ಕಮಿಟಿ. ಒಂದೊಂದು ಠಾಣೆಯವರೂ ವರದಿ ಬರೆದು ಕಳಿಸಬೇಕು. ದೊಡ್ಡ ಖರ್ಚಿಗೆ ಅಪ್ಪಣೆ ಬೇಕು. ಮದುವೆಗೂ ಅಪ್ಪಣೆ ಬೇಕು. ಮೊದಮೊದಲು ಹಡಗುಗಳು ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿ ಬರಬೇಕಿತ್ತು. ಹೋಗಲು ನಾಲ್ಕು ತಿಂಗಳು, ಬರಲು ನಾಲ್ಕು ತಿಂಗಳು. ನಮ್ಮ ಬ್ಯಾಂಕಿನಲ್ಲಿ ಹೆಡ್ ಆಫೀಸಿನ ಒಂದು ಉತ್ತರಕ್ಕೆ ಹದಿನೈದು ದಿನ ಕಾದರೆ ನಾವು ಗೊಣಗುತ್ತಿದ್ದೆವು. ಅವರು ಒಂದು ಮಳೆಗಾಲದಲ್ಲಿ ಕೇಳಿದ ಪ್ರಶ್ನೆಗೆ ಇನ್ನೊಂದು ಮಳೆಗಾಲದ ಹೊತ್ತಿಗೆ ಉತ್ತರ ಪಡೆಯುತ್ತಿದ್ದರು.

ಗುಂಡರ್ಟ್ ಮೊದಲು ಬಂದದ್ದು ಈ ಕಮಿಟಿಯ ಮೂಲಕ ಅಲ್ಲ. ಆಂಟನಿ ನಾರಿಸ್ ಗ್ರೋವ್ಸ್ ಎಂಬ ಇಂಗ್ಲಿಷ್ ದಂತವೈದ್ಯರೊಬ್ಬರು ವೃತ್ತಿ ಬಿಟ್ಟು ಬಾಗ್ದಾದಿಗೆ ಹೋಗಿ, ಅಲ್ಲಿ ಪ್ಲೇಗಿನ ವರ್ಷ 1831ರಲ್ಲಿ ಹೆಂಡತಿಯನ್ನು ಕಳೆದುಕೊಂಡು, ಆಮೇಲೆ ಭಾರತಕ್ಕೆ ಬಂದವರು. ಅವರಿಗೆ ಸಂಬಳವಿಲ್ಲ, ಸಂಸ್ಥೆಯಿಲ್ಲ, ಕಮಿಟಿಯಿಲ್ಲ. ಪ್ರಾರ್ಥನೆಯೇ ಹೆಡ್ ಆಫೀಸು. 1836ರಲ್ಲಿ ಅವರು ಒಂದು ಚಿಕ್ಕ ತಂಡ ಕಟ್ಟಿಕೊಂಡು ಮದರಾಸಿಗೆ ಬಂದಾಗ ಅವರ ಗಂಡುಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರಾಗಿ ಜೊತೆಗಿದ್ದವರು ಇಪ್ಪತ್ತೆರಡು ವರ್ಷದ ಗುಂಡರ್ಟ್. ಅದೇ ತಂಡದಲ್ಲಿ ಫ್ರೆಂಚ್ ಮಾತಿನ ಸ್ವಿಸ್ ಹೆಣ್ಣುಮಗಳು ಜೂಲಿ ಡುಬ್ವಾ ಕೂಡ ಇದ್ದರು. 1838ರಲ್ಲಿ ಅವರಿಬ್ಬರ ಮದುವೆಯಾಯಿತು. ಅದೇ ವರ್ಷ ಇಬ್ಬರೂ ಬಾಸೆಲ್ ಮಿಶನ್ ಸೇರಿ ಮಂಗಳೂರಿಗೆ ಬಂದರು. 1839ರಲ್ಲಿ ತಲಶ್ಶೇರಿಗೆ ಹೋದರು. ಗಂಡ ಹುಡುಗರಿಗೆ ಕಲಿಸಿದರೆ ಹೆಂಡತಿ ಹೆಣ್ಣುಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡು ಓದು, ಬರಹ, ಹೊಲಿಗೆ ಕಲಿಸಿದರು. ಹೆಣ್ಣುಮಕ್ಕಳು ಓಲೆ ಹಿಡಿಯುವುದೇ ಅಪರೂಪವಾಗಿದ್ದ ಕಾಲ ಅದು.

ಮಂಗಳೂರಿನಲ್ಲಿ ಇದೇ ಹೊತ್ತಿಗೆ ಗುಂಡರ್ಟರ ಗೆಳೆಯ ಹೆರ್ಮನ್ ಮೊಗ್ಲಿಂಗ್ ಹುಡುಗರ ವಸತಿ ಶಾಲೆ ನಡೆಸುತ್ತಿದ್ದರು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ತೆಗೆದವರು ಇವರೇ. ಇತ್ತ ನೀಲಗಿರಿಯ ಕೇತಿ ಕಣಿವೆಯಲ್ಲಿ ಕಾಸಮೇಜರ್ ಎಂಬ ನಿವೃತ್ತ ಇಂಗ್ಲಿಷ್ ಅಧಿಕಾರಿ ಬಡಗರ ಮಕ್ಕಳಿಗೆ ಶಾಲೆ ತೆರೆದು, ಬಾಸೆಲಿನವರನ್ನು ಅಲ್ಲಿಗೆ ಕರೆಸಿಕೊಂಡರು. 1849ರಲ್ಲಿ ತೀರಿಹೋಗುವಾಗ ಆ ಕೆಲಸಕ್ಕೆಂದು ಹಣವನ್ನೂ ಬಿಟ್ಟರು. ಬಡಗರ ಮಾತು ಕನ್ನಡಕ್ಕೆ ಹತ್ತಿರವಾದ್ದರಿಂದ ಆ ಶಾಲೆಗಳಲ್ಲಿ ಕಲಿಸಿದ್ದು ಕನ್ನಡವನ್ನು. 1890ರಲ್ಲಿ ಲೂಕನ ಸುವಾರ್ತೆ ಬಡಗ ಮಾತಿನಲ್ಲಿ ಅಚ್ಚಾದಾಗ ಅದರ ಲಿಪಿಯೂ ಕನ್ನಡವೇ, ಅಚ್ಚಾದದ್ದು ಮಂಗಳೂರಿನಲ್ಲಿ. ನೀಲಗಿರಿಯ ಬಂಧುಗಳು ಇದನ್ನು ನೆನಪಿನಲ್ಲಿಡಬೇಕು. ಮೊಗ್ಲಿಂಗರು ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದ ಹಳೆಯ ಕನ್ನಡ ಕೃತಿಗಳನ್ನು ಅಚ್ಚು ಹಾಕಿಸಿದ ಮಾಲೆಗೆ ಹಣ ಕೊಟ್ಟವರೂ ಇದೇ ಕಾಸಮೇಜರ್. ಬೆಟ್ಟದ ಮೇಲಿನ ಆಂಗ್ಲರ ಹಣದಿಂದ ಕರಾವಳಿಯಲ್ಲಿ ದಾಸರ ಪದ ಅಚ್ಚಾಯಿತು!

ಇದೆಲ್ಲ ಜಮಾ ಪುಟ. ಆದರೆ ಈ ಪುಟದಲ್ಲೂ ಒಂದು ಮಾತನ್ನು ಮುಚ್ಚಿಡಬಾರದು. ಈ ಶಾಲೆಗಳ ಗುರಿ ಅಕ್ಷರ ಮಾತ್ರ ಆಗಿರಲಿಲ್ಲ, ಮತಾಂತರವೂ ಆಗಿತ್ತು. 1844ರಲ್ಲಿ ಮಂಗಳೂರಿನ ಮೂವರು ಸಾರಸ್ವತ ಬ್ರಾಹ್ಮಣ ತರುಣರು ಕ್ರೈಸ್ತರಾದಾಗ ಊರಿಗೆ ಊರೇ ಕಲಕಿಹೋಯಿತು. ಅವರಲ್ಲೊಬ್ಬರು ಆನಂದರಾವ್ ಕೌಂಡಿನ್ಯ. ಮೊಗ್ಲಿಂಗರ ಜೊತೆ 1846ರಲ್ಲಿ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದರು. ಅವರನ್ನು ಹೆತ್ತವರ ಮನೆಯಲ್ಲಿ ಆ ದಿನ ಒಲೆ ಹೊತ್ತಿತೋ ಇಲ್ಲವೋ ಯಾರು ಬರೆದಿಟ್ಟಿದ್ದಾರೆ? ಮಗ ಬದುಕಿದ್ದಾನೆ, ಆದರೆ ಮನೆಗೆ ಬರುವಂತಿಲ್ಲ. ಈ ನೋವನ್ನು ನಮ್ಮವರು ಉಂಡರು.

ಇನ್ನು ಖರ್ಚಿನ ಪುಟ. ಆ ಮಿಶನರಿಗಳಿಗೂ ಮಕ್ಕಳು ಹುಟ್ಟಿದವು. ಗುಂಡರ್ಟ್ ದಂಪತಿಗೆ 1842ರ ಅಕ್ಟೋಬರಿನಲ್ಲಿ ತಲಶ್ಶೇರಿಯಲ್ಲಿ ಮಾರಿ ಎಂಬ ಹೆಣ್ಣುಮಗು ಹುಟ್ಟಿತು. ಮಗುವಿಗೆ ಮೂರು ತುಂಬಿದ ಮೇಲೆ ದಂಪತಿ ಯೂರೋಪಿಗೆ ಹೋದರು. 1847ರಲ್ಲಿ ಅವರು ತಲಶ್ಶೇರಿಗೆ ಮರಳಿದಾಗ ಮಾರಿ ಜೊತೆಗಿರಲಿಲ್ಲ. ಅಲ್ಲಿ ಬೇರೆಯವರ ಆಶ್ರಯದಲ್ಲಿ ಅವಳನ್ನು ಬಿಟ್ಟು ಬಂದಿದ್ದರು. ತಾಯಿ ಜೂಲಿ ಮತ್ತೆ ತನ್ನ ಹೆಣ್ಣುಮಕ್ಕಳ ಶಾಲೆಗೆ ಹೋದರು. ಊರವರ ಮಕ್ಕಳಿಗೆ ತಲೆ ಬಾಚಿದರು, ಅಕ್ಷರ ತಿದ್ದಿಸಿದರು. ತನ್ನ ಮಗಳನ್ನು ಮತ್ತೆ ನೋಡಿದ್ದು 1857ರಲ್ಲಿ, ಅವಳು ಹದಿನೈದರ ಹುಡುಗಿಯಾಗಿ ಹಡಗಿನಲ್ಲಿ ಬಂದಾಗ.

ಇದು ಒಂದು ಮನೆಯ ಕತೆಯಲ್ಲ. ಮೊದಲಿಂದಲೂ ಇದ್ದ ಈ ರೂಢಿಯನ್ನು 1853ರಲ್ಲಿ ಬಾಸೆಲಿನ ಕಮಿಟಿ ನಿಯಮವನ್ನಾಗಿ ಮಾಡಿತು. ಮಿಶನರಿಗಳ ಮಕ್ಕಳನ್ನು ಶಾಲೆಯ ವಯಸ್ಸಿಗೆ ಯೂರೋಪಿಗೆ ಕಳಿಸಿಬಿಡಬೇಕು. ಅವರಿಗಾಗಿ ಬಾಸೆಲಿನಲ್ಲಿ ಮಕ್ಕಳ ನಿಲಯವನ್ನು ತೆರೆಯಲಾಯಿತು. ಆರೇಳು ವರ್ಷದ ಮಗು ಹಡಗು ಹತ್ತಿದರೆ ಅಪ್ಪ ಅಮ್ಮನನ್ನು ನೋಡುವುದು ಹತ್ತು ಹನ್ನೆರಡು ವರ್ಷದ ಮೇಲೆ. ಕೆಲವರಿಗೆ ಅದೂ ಇಲ್ಲ.

ಕಾರಣ ಏನು? ಇಲ್ಲಿಯ ಸೆಖೆ, ಜ್ವರ, ವಾಂತಿಭೇದಿ ಒಂದು ಕಾರಣ. ಎಷ್ಟೋ ಮಿಶನರಿ ಕುಟುಂಬಗಳು ಹಸುಗೂಸುಗಳನ್ನು ಇಲ್ಲಿಯ ಮಣ್ಣಿನಲ್ಲೇ ಮಲಗಿಸಿದ್ದವು. ಆದರೆ ಅಷ್ಟೇ ಆಗಿದ್ದರೆ ತಂಪಿನ ನೀಲಗಿರಿ ಇತ್ತಲ್ಲ? ಇನ್ನೊಂದು ಭಯ ಇತ್ತು. ಆಯಾಳ ಮಡಿಲಲ್ಲಿ ಬೆಳೆದ ಮಗು ಆಯಾಳ ಮಾತನ್ನೇ ಆಡುತ್ತದೆ, ಇಲ್ಲಿಯ ನಡೆನುಡಿ ಕಲಿಯುತ್ತದೆ, ತಮ್ಮ ಭಾಷೆ, ತಮ್ಮ ಶಿಸ್ತು ಅದಕ್ಕೆ ಬಾರದೆ ಹೋಗುತ್ತದೆ ಎಂಬ ಭಯ. ಇಲ್ಲಿಯ ಮಕ್ಕಳ ಸೇವೆಗೆ ಜೀವ ಕೊಡಲು ಬಂದವರು ತಮ್ಮ ಮಕ್ಕಳು ಇಲ್ಲಿಯ ಮಕ್ಕಳಂತೆ ಆದಾರು ಎಂದು ಹೆದರಿದರು! ಊರವರ ಮಕ್ಕಳ ವಿಷಯದಲ್ಲಿ ದಾರಿ ತೋರು ಎಂದು ದಿನವೂ ದೇವರಲ್ಲಿ ಬೇಡಿದವರು, ಸ್ವಂತ ಮಕ್ಕಳ ವಿಷಯದಲ್ಲಿ ಒಂದು ಸುತ್ತೋಲೆಗೆ ತಲೆಬಾಗಿದರು. ಕಮಿಟಿ ಹೇಳಿದ್ದೇ ದೇವರ ದಾರಿ ಎಂದು ನಂಬಿದರು. ನಂಬದಿದ್ದರೆ ಆ ನೋವನ್ನು ತಡೆದುಕೊಳ್ಳುವುದಾದರೂ ಹೇಗೆ?

ಬಂಧುಗಳೇ, ಇದನ್ನು ಓದಿದಾಗ ಮೊದಲು ನನಗೆ ಸಿಟ್ಟು ಬಂತು. ಎಂಥ ತಾಯಿತಂದೆ ಇವರು ಎಂದುಕೊಂಡೆ. ಆಮೇಲೆ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ. ಏಕೆಂದರೆ ನಾನೂ ಅದೇ ಕೆಲಸ ಮಾಡಿದವನು.

1991ರಲ್ಲಿ ನನಗೆ ತಲಶ್ಶೇರಿಗೆ ವರ್ಗವಾಯಿತು. ಮಗನಿಗೆ ಐದು ವರ್ಷ. ಒಂದನೆಯ ತರಗತಿಗೆ ಸೇರಿಸಬೇಕು. ಅಲ್ಲಿ ಕನ್ನಡ ಶಾಲೆ ಇಲ್ಲ. ಕಾಸರಗೋಡಿನ ಕನ್ನಡಿಗರಾದ ನಮಗೆ ಕನ್ನಡ ಶಾಲೆ ಎಂದರೆ ಏನು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ತಂದೆ ಒಂದೇ ಮಾತು ಹೇಳಿದರು: "ಹುಡುಗನ ಅಕ್ಷರ ತಪ್ಪಿದರೆ ಮನೆಯ ಅಕ್ಷರವೇ ತಪ್ಪಿತು." ಮಂಜೇಶ್ವರದ ಹತ್ತಿರದ ನಮ್ಮ ಮನೆಯಲ್ಲಿ ಅವನನ್ನು ಅಜ್ಜ ಅಜ್ಜಿಯ ಜೊತೆ ಬಿಟ್ಟು, ಕನ್ನಡ ಶಾಲೆಗೆ ಸೇರಿಸಿ, ನಾನೂ ನನ್ನಾಕೆಯೂ ತಲಶ್ಶೇರಿಯ ಬಾಡಿಗೆ ಮನೆಗೆ ಹೋದೆವು.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ರೈಲು ಹತ್ತಿದರೆ ಕತ್ತಲಾಗುವಾಗ ಮನೆ. ಮೊದಲ ಕೆಲವು ತಿಂಗಳು ನಾವು ಹೊರಟಾಗೆಲ್ಲ ಹುಡುಗ ಗೇಟಿನ ತನಕ ಓಡಿ ಬಂದು ಅಳುತ್ತಿದ್ದ. ಒಂದು ಸಲ ಅಳಲಿಲ್ಲ. ಜಗಲಿಯಲ್ಲಿ ಅಜ್ಜಿಯ ಸೆರಗು ಹಿಡಿದು ನಿಂತು, ನೆಂಟರನ್ನು ಕಳಿಸಿಕೊಡುವ ಹಾಗೆ, "ಹೋಗಿ ಬನ್ನಿ" ಎಂದ. ನನ್ನಾಕೆ ಕಣ್ಣೂರು ಬರುವ ತನಕ ಮಾತಾಡಲಿಲ್ಲ. ನಮ್ಮದು ಮೂರು ವರ್ಷದ ಅಗಲಿಕೆ, ಅದೂ ವಾರಕ್ಕೊಮ್ಮೆ ಮುಖ ಕಾಣುವಂಥದ್ದು. ಜೂಲಿ ಎಂಬ ಆ ತಾಯಿಯದು ಹತ್ತು ವರ್ಷಕ್ಕೂ ಮೇಲೆ, ನಡುವೆ ಸಮುದ್ರ. ಎರಡನ್ನೂ ಒಂದೇ ತಕ್ಕಡಿಯಲ್ಲಿಡಲು ನನಗೆ ನಾಚಿಕೆಯಾಗುತ್ತದೆ. ಆದರೂ ಕಾರಣ ಒಂದೇ ಜಾತಿಯದು. ಮಗುವಿಗೆ ನಮ್ಮ ಭಾಷೆ ಉಳಿಯಲಿ ಎಂದು ಮಗುವನ್ನೇ ದೂರ ಮಾಡಿದೆವು.

ಬ್ಯಾಂಕಿನಲ್ಲಿ ಸಸ್ಪೆನ್ಸ್ ಅಕೌಂಟ್ ಎಂದೊಂದು ಇರುತ್ತದೆ. ಯಾವ ತಲೆಬರಹಕ್ಕೆ ಹಾಕಬೇಕೆಂದು ತಿಳಿಯದ ಮೊತ್ತವನ್ನು ತಾತ್ಕಾಲಿಕವಾಗಿ ಅಲ್ಲಿ ಬರೆಯುತ್ತೇವೆ. ಬೇಗ ಚುಕ್ತಾ ಮಾಡಬೇಕು, ಇಲ್ಲವಾದರೆ ಆಡಿಟಿನವರು ಕೇಳುತ್ತಾರೆ. ಈ ಮಕ್ಕಳ ಅಳುವನ್ನು ಯಾವ ಕಮಿಟಿಯೂ ಯಾವ ತಲೆಬರಹಕ್ಕೂ ಹಾಕಲಿಲ್ಲ. ಅದು ಇಂದಿಗೂ ಅಲ್ಲೇ ಇದೆ.

ಮಾರಿ ಗುಂಡರ್ಟಳ ಮುಂದಿನ ಕತೆ ಕೇಳಿ. 1859ರಲ್ಲಿ ಆರೋಗ್ಯ ಕೆಟ್ಟು ತಂದೆ ಊರಿಗೆ ಮರಳಿದರು. ಅಲ್ಲಿಯೇ ಕೂತು ಮಲೆಯಾಳ ನಿಘಂಟನ್ನು ಮುಗಿಸಿದರು. ಅದು 1872ರಲ್ಲಿ ನಮ್ಮ ಮಂಗಳೂರಿನಲ್ಲಿ ಅಚ್ಚಾಯಿತು. ಮಾರಿಯ ಮೊದಲ ಗಂಡ 1870ರಲ್ಲಿ ತೀರಿಕೊಂಡರು. 1874ರಲ್ಲಿ ಅವಳು ಭಾರತದಲ್ಲಿ ಕೆಲಸ ಮಾಡಿ ಕಾಯಿಲೆಯಿಂದ ಮರಳಿದ್ದ ಯೊಹಾನೆಸ್ ಹೆಸ್ಸೆ ಎಂಬ ಮಿಶನರಿಯನ್ನು ಮದುವೆಯಾದಳು. 1877ರಲ್ಲಿ ಹುಟ್ಟಿದ ಅವರ ಮಗನೇ 'ಸಿದ್ಧಾರ್ಥ' ಬರೆದ, 1946ರಲ್ಲಿ ನೊಬೆಲ್ ಪಡೆದ ಹೆರ್ಮನ್ ಹೆಸ್ಸೆ. ಆ ಹುಡುಗನನ್ನೂ ಚಿಕ್ಕಂದಿನಲ್ಲಿ ಬಾಸೆಲಿನ ಮಿಶನ್ನಿನ ಹುಡುಗರ ನಿಲಯದಲ್ಲಿ ಇಟ್ಟಿದ್ದರು. ತಂದೆತಾಯಿ ಅದೇ ಊರಿನಲ್ಲಿದ್ದರೂ ಭಾನುವಾರ ಮಾತ್ರ ಮನೆ. ತಾಯಿಯಿಂದ ದೂರ ಬೆಳೆದವಳು ತನ್ನ ಮಗನನ್ನೂ ದೂರ ಇಟ್ಟಳು. 'ಸಿದ್ಧಾರ್ಥ' ಕಾದಂಬರಿಯ ಶುರುವಿನಲ್ಲಿ ಮಗ ತಂದೆಯ ಮನೆ ಬಿಟ್ಟು ಹೊರಡುತ್ತಾನೆ. ಕೊನೆಯ ಭಾಗದಲ್ಲಿ ತಂದೆಯಾದ ಅವನನ್ನೇ ಅವನ ಮಗ ಬಿಟ್ಟು ಹೋಗುತ್ತಾನೆ. ಅದಕ್ಕೂ ಇದಕ್ಕೂ ಗಂಟು ಹಾಕುವುದು ವಿದ್ವಾಂಸರ ಕೆಲಸ. ನಾನು ಓದಿದಾಗ ನನಗೆ ನೆನಪಾದದ್ದು ಆ ನಿಲಯ.

ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮಿಶನರಿಗಳನ್ನು ಶತ್ರು ದೇಶದವರೆಂದು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿ, ಆಮೇಲೆ ದೇಶದಿಂದ ಹೊರಗೆ ಕಳಿಸಲಾಯಿತು. ಅವರು ಕಟ್ಟಿದ ಕಾರ್ಖಾನೆಗಳು ಕೈ ಬದಲಾದವು. ನೀಲಗಿರಿಯ ಶಾಲೆಗಳಲ್ಲಿ ಕನ್ನಡದ ಜಾಗಕ್ಕೆ ತಮಿಳು ಬಂತು. ಆದರೆ ಅಲ್ಲಿ ಕಲಿತ ಮಕ್ಕಳ ಮಕ್ಕಳು, ಅವರ ಮಕ್ಕಳು ಇಂದಿಗೂ ನಮ್ಮ ನಡುವೆ ಇದ್ದಾರೆ. ಅಕ್ಷರ ಯಾರ ಕೈಯಿಂದ ಬಂದರೂ ಅಕ್ಷರವೇ.

ನನ್ನ ಮಗನಿಗೆ ಈಗ ನಲವತ್ತರ ಹತ್ತಿರ. ಕನ್ನಡ ಚೆನ್ನಾಗಿ ಓದುತ್ತಾನೆ, ಬರೆಯುತ್ತಾನೆ. ಕಳೆದ ವರ್ಷ ಈ ಕತೆಯನ್ನು ಅವನಿಗೆ ಹೇಳಿ, "ನಾವು ಮಾಡಿದ್ದು ಸರಿಯೇನೋ?" ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕನ್ನಡ ಬಂತಲ್ಲ ಅಪ್ಪ" ಎಂದ. ಅದು ಹೌದು ಎಂದೋ, ಅಲ್ಲ ಎಂದೋ ನನಗೆ ಇನ್ನೂ ತಿಳಿದಿಲ್ಲ.

ನಿಮ್ಮ ಊರಿನಲ್ಲಿ ಹಳೆಯ ಮಿಶನ್ ಶಾಲೆ ಇದ್ದರೆ ಒಮ್ಮೆ ಹೋಗಿ ನೋಡಿ. ಬಿಟ್ಟುಹೋದವರ ಗೋರಿಗಳಿದ್ದರೆ ಅವುಗಳನ್ನೂ ನೋಡಿ; ಚಿಕ್ಕ ಗೋರಿಗಳ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಅವರನ್ನು ಹೊಗಳುವವರಿದ್ದಾರೆ, ತೆಗಳುವವರಿದ್ದಾರೆ, ಇಬ್ಬರಿಗೂ ಕಾರಣಗಳಿವೆ. ಆದರೆ ಲೆಕ್ಕ ಮುಗಿಸುವ ಮುಂಚೆ ಎರಡೂ ಪುಟ ನೋಡೋಣ. ಗಡಿಯಾಚೆ ಇದ್ದು ಭಾಷೆ ಕಾಯುವ ನಮಗೆ ಇದು ಇನ್ನೂ ಹೆಚ್ಚು ಸಲ್ಲುವ ಮಾತು. ಮಕ್ಕಳ ವಿಷಯದಲ್ಲಿ ಯಾರ ಅಪ್ಪಣೆ ಬಂದರೂ, ಅದು ದೇವರದಾಗಲಿ, ಸಭೆಯದಾಗಲಿ, ಹಿರಿಯರದಾಗಲಿ, ಒಮ್ಮೆ ಆ ಮಗುವನ್ನೂ ಕೇಳೋಣ. ನಾನು ಕೇಳಿರಲಿಲ್ಲ.