ಮನೆಯ ಮೇರೆಯೂ ಊರಿನ ಅಪ್ಪಣೆಯೂ

ಹಳ್ಳಿಯಲ್ಲಿ ತನ್ನ ಮನೆಯನ್ನು ತಾನು ಬದಲಾಯಿಸಿಕೊಳ್ಳುವುದಕ್ಕೆ ಇನ್ನೊಬ್ಬರ ಅಪ್ಪಣೆಯೇಕೆಂದು ಕೇಳುವವರು ಬಸವಕಲ್ಯಾಣ, ಹುಮನಾಬಾದಗಳ ಸುತ್ತಿನಲ್ಲಿ ಇನ್ನೂ ಉಂಟು. ಪಟ್ಟಣದಲ್ಲಿ ಪುರಸಭೆಯ ಕಟ್ಟಳೆಗಳಿರಲಿ, ಹಳ್ಳಿಗೆ ಅವು ಏತಕ್ಕೆ ಎಂಬುದು ಅವರ ವಾದವು. ಇದಕ್ಕೆ ಉತ್ತರವನ್ನು ಇಂದಿನ ಕಾಯಿದೆಯ ಪುಸ್ತಕದಲ್ಲಿ ಹುಡುಕುವುದಕ್ಕೆ ಮೊದಲು ಕಲ್ಯಾಣದಲ್ಲಿಯೇ ಹುಡುಕುವುದು ಯುಕ್ತವೆಂದು ನಮಗೆ ತೋರುತ್ತದೆ.

ಆರನೆಯ ವಿಕ್ರಮಾದಿತ್ಯನು (1076–1126) ಕಲ್ಯಾಣದಿಂದ ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ಸಂಗತಿಯನ್ನು ವಾಚಕರು ಬಲ್ಲರು. ಕೋಲ್‌ಬ್ರೂಕನು 1810ರಲ್ಲಿ ಅದರ ದಾಯವಿಭಾಗವನ್ನು ಇಂಗ್ಲೀಷಿಗೆ ತಂದ ಮೇಲೆ, ವಂಗ, ಅಸ್ಸಾಮಗಳನ್ನುಳಿದು ಬಹುಮಟ್ಟಿಗೆ ದೇಶದ ನ್ಯಾಯಾಲಯಗಳಿಗೆಲ್ಲ ಮಿತಾಕ್ಷರೆಯೆಂದರೆ ಅಣ್ಣತಮ್ಮಂದಿರ ಪಾಲು ಎಂದೇ ಅರ್ಥವಾಯಿತು. ಅದರ ಬೆನ್ನಿಗೇ ಇರುವ ಸೀಮಾವಿವಾದ ಪ್ರಕರಣವನ್ನು ತೆರೆದು ನೋಡುವವರು ಕಡಿಮೆ. ನೋಡತಕ್ಕುದಾದರೋ ಅದು. ಹೊಲದ ಮೇರೆಯಲ್ಲಿ ಜಗಳ ಹುಟ್ಟಿದರೆ ಸುತ್ತಣ ನೆರೆಯವರು, ವೃದ್ಧರು, ದನಕಾಯುವವರು, ಮೇರೆಯ ಬಳಿ ಉಳುವವರು, ಅಡವಿಯಲ್ಲಿ ತಿರುಗುವವರು ಬಂದು, ಇದ್ದಿಲು, ಹೊಟ್ಟು, ಎಲುಬು, ಮರ, ಹುತ್ತ ಮೊದಲಾದ ಗುರುತುಗಳಿಂದ ಸೀಮೆಯನ್ನು ತೋರಿಸಬೇಕು. ನಾಲ್ವರೋ ಎಂಟು ಮಂದಿಯೋ ಹತ್ತು ಮಂದಿಯೋ ನೆರೆಯವರು ಕೆಂಪು ಹೂಮಾಲೆಯನ್ನು ಧರಿಸಿ, ಕೆಂಪು ವಸ್ತ್ರವನ್ನುಟ್ಟು, ತಲೆಯ ಮೇಲೆ ಮಣ್ಣನ್ನು ಹೊತ್ತು ಆ ಗೆರೆಯಲ್ಲಿ ನಡೆಯಬೇಕು. ಸುಳ್ಳಾಡಿದರೆ ಒಬ್ಬೊಬ್ಬನಿಗೂ ಬೇರೆ ಬೇರೆ ದಂಡವುಂಟು. ಬಲ್ಲವರೂ ಗುರುತೂ ಇಲ್ಲದ ಕಡೆಯಲ್ಲಿ ಮಾತ್ರ ಅರಸನು ತಾನಾಗಿ ಸೀಮೆಯನ್ನು ನಿರ್ಣಯಿಸತಕ್ಕದ್ದು.

ನಮಗೆ ಬೇಕಾದುದು ಇದರ ಮುಂದಿನ ಮಾತು. ಹೊಲಕ್ಕೆ ಹೇಳಿದ ಈ ವಿಧಿಯೇ ತೋಟಕ್ಕೂ, ನೀರಿನ ತಾಣಕ್ಕೂ, ಮನೆಗೂ, ಮಳೆಯ ನೀರು ಹರಿದುಹೋಗುವ ದಾರಿಗೂ ಸಲ್ಲುವುದೆಂದು ಅಲ್ಲಿದೆ. ಮಣ್ಣಿನ ಮಾಳಿಗೆಯ ಕೆಳಗೆ ಬೆಳೆದವರಿಗೆ ಮಳೆನೀರಿನ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಬೀದರ ಸೀಮೆಯ ಹಳ್ಳಿಗಳಲ್ಲಿ ಗೋಡೆಗೆ ಗೋಡೆ ಹತ್ತಿಕೊಂಡಿರುವುದು ವಾಡಿಕೆ. ಒಬ್ಬನು ತನ್ನ ಮಾಳಿಗೆಯನ್ನು ಗೇಣಷ್ಟು ಎತ್ತರಿಸಿ ನೀರಿನ ದೋಣಿಯನ್ನು ಆಚೆಗೆ ತಿರುಗಿಸಿದನೆಂದರೆ ನೆರೆಯವನ ಗೋಡೆ ನೆನೆದು ಕುಸಿಯುವುದು. ಮನೆಯನ್ನು ಮಾರ್ಪಡಿಸುವುದು ಮನೆಯೊಡೆಯನೊಬ್ಬನ ಕೆಲಸವಾಗಿದ್ದ ಕಾಲವೇ ಇರಲಿಲ್ಲ.

ಮುಂದೆ ಬಂದ ಸರಕಾರಗಳು ಹೊಲವನ್ನು ಅಳೆದುವು, ಮನೆಯನ್ನು ಅಳೆಯಲಿಲ್ಲ. ನಿಜಾಮರ ಆಳಿಕೆಯಲ್ಲಿ ಫಸಲಿ 1317ರಲ್ಲಿ, ಎಂದರೆ 1907ರ ಸುಮಾರಿನಲ್ಲಿ, ಆದ ಭೂಕಂದಾಯದ ಕಾಯಿದೆಯು ಕಂದಾಯ ಕೊಡುವ ನೆಲದ ಮೇಲೆ ಕಣ್ಣಿಟ್ಟಿತು. ಮನೆಗಳು ನಿಂತ ಗಾವಠಾಣವು ನಕಾಶೆಯಲ್ಲಿ ಒಂದೇ ಇಡಿಯ ತುಂಡಾಗಿ ಉಳಿಯಿತು. ಹೊಲಕ್ಕೆ ಪಟವಾರಿಯ ದಫ್ತರದಲ್ಲಿ ನಂಬರು ಇದ್ದಿತು. ಎರಡು ಮನೆಗಳ ನಡುವಣ ಗೋಡೆ ಯಾರದೆಂಬುದಕ್ಕೆ ಮುದುಕರ ನೆನಪೇ ದಫ್ತರವಾಗಿತ್ತು. 1948ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿತು. 1956ರಲ್ಲಿ ಬೀದರವು ಮೈಸೂರು ರಾಜ್ಯಕ್ಕೆ ಬಂದಿತು. 1959ರಲ್ಲಿ ಪಂಚಾಯತಿಗಳ ಕಾಯಿದೆ, 1964ರಲ್ಲಿ ಭೂಕಂದಾಯದ ಕಾಯಿದೆ ಹೊಸದಾಗಿ ಆದುವು. ಈ ಕಥೆ ದೀರ್ಘವಾದುದು, ಸ್ವಾರಸ್ಯವು ಅಲ್ಪ. 1993ರ ಪಂಚಾಯತ್ ರಾಜ್ ಕಾಯಿದೆಯ 64ನೆಯ ಕಲಮು ಮಾತ್ರ ಸ್ಪಷ್ಟವಾಗಿ ಹೇಳುವುದೇನೆಂದರೆ—ಹೊಸದಾಗಿ ಕಟ್ಟುವುದಕ್ಕಷ್ಟೇ ಅಲ್ಲ, ಇದ್ದುದನ್ನು ಮಾರ್ಪಡಿಸುವುದಕ್ಕೂ ಅದಕ್ಕೆ ಕೂಡಿಸುವುದಕ್ಕೂ ಗ್ರಾಮ ಪಂಚಾಯತಿಯ ಲಿಖಿತ ಅಪ್ಪಣೆ ಬೇಕು.

ಆ ಕಾಯಿದೆಯು ಮೇ ತಿಂಗಳಲ್ಲಿ ಜಾರಿಗೆ ಬಂದಿತು. ಅದೇ ವರುಷದ ಸೆಪ್ಟೆಂಬರ 30ರ ಬೆಳಗಿನ ಜಾವದಲ್ಲಿ, ನಮ್ಮ ಪಡುವಣ ನೆರೆಯಾದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ನೆಲವು ನಡುಗಿ ಸುಮಾರು 10,000 ಜನರು ಮಡಿದರು. ಅವರಲ್ಲಿ ಬಹುಮಂದಿಯನ್ನು ಕೊಂದುದು ಅವರವರ ಮನೆಯೇ. ಕಾಡುಗಲ್ಲನ್ನು ಮಣ್ಣಿನಲ್ಲಿ ಇಟ್ಟು ಎಬ್ಬಿಸಿದ ದಪ್ಪ ಗೋಡೆ. ಅದರ ಮೇಲೆ, ಸೋರಬಾರದೆಂದು ವರುಷ ವರುಷವೂ ಮಣ್ಣು ಹೇರಿಸಿಕೊಂಡು ಭಾರವಾಗುತ್ತ ಬಂದ ಮಾಳಿಗೆ. ದುರಸ್ತಿಯೇ ಹೊರೆಯಾಗಿ ಕೂತಿದ್ದಿತು. ಕಲ್ಯಾಣದ ಹಳೆಯ ನ್ಯಾಯವು ನೆರೆಯವನ ಹಕ್ಕನ್ನು ಎಷ್ಟು ಸೂಕ್ಷ್ಮವಾಗಿ ನೋಡಿದರೂ ಗೋಡೆಯ ಹೊಟ್ಟೆಯೊಳಗನ್ನು ನೋಡಿದುದಲ್ಲ. ಅಪ್ಪಣೆ ಕೇಳಲು ಬಂದವನ ಮಾಳಿಗೆ ಎಷ್ಟು ಭಾರವೆಂದು ವಿಚಾರಿಸುವುದು ಪಂಚಾಯತಿಗೆ ಬಿದ್ದ ಹೊಸ ಹೊಣೆಯು. ಅದನ್ನು ಬಿಟ್ಟು ಬರಿಯ ಶುಲ್ಕದ ರಸೀತಿಯನ್ನು ಹರಿದುಕೊಡುವುದಾದರೆ, ಮೊದಲು ಹೇಳಿದವರ ಗೊಣಗಾಟವು ನ್ಯಾಯವೆಂದೇ ನಮ್ಮ ಮತ.

ಗಾವಠಾಣಗಳ ಒಳಗನ್ನು ಅಳೆಯುವುದಕ್ಕಾಗಿ ಸ್ವಾಮಿತ್ವವೆಂಬ ಯೋಜನೆಯು 2020ರ ಏಪ್ರಿಲ್ 24ರಂದು ಮೊದಲಾಯಿತು; ಮೊದಲ ಪ್ರಯೋಗಕ್ಕೆ ಆರಿಸಿದ ರಾಜ್ಯಗಳಲ್ಲಿ ಕರ್ಣಾಟಕವೂ ಒಂದು. ಆಕಾಶದಿಂದ ಡ್ರೋನು ಚಿತ್ರ ತೆಗೆಯುವುದಕ್ಕೆ ಮುಂಚೆ ಮನೆಮನೆಯ ಮೇರೆಯ ಮೇಲೆ ಸುಣ್ಣದ ಗೆರೆಯನ್ನು ಎಳೆಯಬೇಕು. ಅದು ಎಲ್ಲಿ ಹಾಯಬೇಕೆಂದು ನಿಂತು ತೋರಿಸುವವರು ಮನೆಯವರೂ ಅವರ ನೆರೆಯವರೂ.