ಹನ್ನೆರಡು ಮರದ ಸೈನಿಕರು

1826ರ ಜೂನ್. ಇಂಗ್ಲೆಂಡಿನ ಹಾವರ್ತ್ ಎಂಬ ಊರಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ ಲೀಡ್ಸ್‌ಗೆ ಹೋಗಿದ್ದವರು, ಮಗ ಬ್ರಾನ್‌ವೆಲ್‌ಗೆಂದು ಒಂದು ಪೆಟ್ಟಿಗೆ ಮರದ ಸೈನಿಕರನ್ನು ತಂದರು. ಒಟ್ಟು ಹನ್ನೆರಡು. ಆ ಮಕ್ಕಳ ತಾಯಿ 1821ರಲ್ಲೇ ತೀರಿಕೊಂಡಿದ್ದರು. ದೊಡ್ಡ ಹೆಣ್ಣುಮಕ್ಕಳಿಬ್ಬರು ಹಿಂದಿನ ವರ್ಷವಷ್ಟೇ ಹೋಗಿದ್ದರು. ಉಳಿದ ನಾಲ್ವರು, ಅಂದರೆ ಷಾರ್ಲಟ್, ಬ್ರಾನ್‌ವೆಲ್, ಎಮಿಲಿ ಮತ್ತು ಆನ್, ತಲಾ ಒಬ್ಬ ಸೈನಿಕನನ್ನು ಆರಿಸಿಕೊಂಡು ಹೆಸರಿಟ್ಟರು. ಹೆಸರಿಟ್ಟ ಮೇಲೆ ಅವನಿಗೊಂದು ಕಥೆ ಬೇಕಲ್ಲ?

ಕಥೆಗಳು ಬೆಳೆದವು. 1829ರಲ್ಲಿ ಬ್ರಾನ್‌ವೆಲ್ ಮನೆಯಲ್ಲೇ ಒಂದು ಪತ್ರಿಕೆ ಶುರುಮಾಡಿದ. ಅವರು ಓದುತ್ತಿದ್ದ 'ಬ್ಲ್ಯಾಕ್‌ವುಡ್ಸ್' ಮಾಸಪತ್ರಿಕೆಯೇ ಅದಕ್ಕೆ ಮಾದರಿ. ಅದೇ ವರ್ಷ ಸಂಪಾದಕಿಯ ಕುರ್ಚಿ ಷಾರ್ಲಟ್‌ಗೆ ಬಂತು. ಪುಟಗಳು ಬೆಂಕಿಪೊಟ್ಟಣದಷ್ಟು. ಸೈನಿಕರು ಓದಬೇಕಲ್ಲ, ಅವರ ಅಳತೆಗೆ! ಅಕ್ಷರಗಳು ಅಚ್ಚಿನ ಮೊಳೆಯಂತೆ ಕಾಣಬೇಕೆಂದು ಬಿಡಿಬಿಡಿಯಾಗಿ ಬರೆದರು. ಜಾಹೀರಾತೂ ಇತ್ತು. ಆ ಕಾಲದ ತಂತ್ರಜ್ಞಾನ ಮುದ್ರಣ. ಅವರು ಅದನ್ನು ಸೂಜಿ-ದಾರ, ಲೇಖನಿಯಿಂದಲೇ ಅನುಕರಿಸಿದ್ದರು. 1830ರ ಒಂದು ಸಂಚಿಕೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಪದಗಳಿವೆ. 2019ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಹಾವರ್ತ್‌ನ ವಸ್ತುಸಂಗ್ರಹಾಲಯ ಅದನ್ನು 6 ಲಕ್ಷ ಯೂರೋ ಕೊಟ್ಟು ಮರಳಿ ಮನೆಗೆ ತಂದಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೆಲೆಯಲ್ಲ. ಭೂತಗನ್ನಡಿ ಇಲ್ಲದೆ ಆ ಅಕ್ಷರಗಳನ್ನು ದೊಡ್ಡವರು ಓದುವುದು ಕಷ್ಟ. ಅಪ್ಪ ಆಟಿಕೆ ತಂದರು, ಮಕ್ಕಳೊಂದಿಗೆ ಪತ್ರಿಕೆಗಳ ಸುದ್ದಿ ಚರ್ಚಿಸಿದರು. ಬರೆದದ್ದು ಮಾತ್ರ ಮಕ್ಕಳ ನಡುವೆಯೇ ಉಳಿಯಿತು.

ನಾನು ಮಾಡಿದ್ದು ಇದರ ತದ್ವಿರುದ್ಧ. ಠಾಣೆಯಲ್ಲಿ ಹುಟ್ಟಿ ಬೆಳೆದ ಹತ್ತು ವರ್ಷದ ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಬಾರದು. ಉಚ್ಚಾರದಂತೆ ಕನ್ನಡ ಟೈಪಿಸುವ ದಾರಿ ತೋರಿದ ಕೆ.ಪಿ. ರಾವ್ ಒಂದು ಕಾಲದಲ್ಲಿ ನಮ್ಮ ಮುಂಬಯಿಯಲ್ಲೇ ದುಡಿದವರು. ಆ ದಾರಿ ಹಿಡಿದು ಅವಳು ಟ್ಯಾಬ್‌ನಲ್ಲಿ ಒಂದು ಬೆಕ್ಕಿನ ಕಥೆ ಶುರುಮಾಡಿದಳು. ನಾನು ಬಿಡಲಿಲ್ಲ. ಶೇರ್ ಮಾಡಿದ ಡಾಕ್ಯುಮೆಂಟ್, ವಾರಕ್ಕೊಂದು ಪುಟದ ಗುರಿ, ಪ್ರತಿ ಒತ್ತಕ್ಷರಕ್ಕೂ ಕೆಂಪು ಕಾಮೆಂಟ್. ಮೂರನೇ ವಾರ ಅವಳು ಹೇಳಿದಳು: "ಅಪ್ಪಾ, ಇದು ನಿನ್ನ ಆಫೀಸು."

ಕಥೆ ನಿಂತೇಹೋಯಿತು. ಎರಡು ತಿಂಗಳು ಬೆಕ್ಕು ಸ್ಟೇಷನ್ನಿನಲ್ಲೇ ಕೂತಿತ್ತು.

ಹಾವರ್ತ್‌ನ ಕಥೆ ಓದಿದ ರಾತ್ರಿ ನಾನು ಕಾಮೆಂಟುಗಳನ್ನೆಲ್ಲ ಅಳಿಸಿದೆ, ಮಗಳಿಗೆ ಹೇಳಿ ಆ ಡಾಕ್ಯುಮೆಂಟಿನಿಂದ ನನ್ನ ಹೆಸರನ್ನೇ ತೆಗೆದೆ. "ಯಾರಿಗಾದರೂ ಕಳಿಸಬೇಕು ಅನಿಸಿದರೆ ನೀನೇ ಕಳಿಸು" ಎಂದೆ. ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಭಾನುವಾರ ಅವಳ ಕೋಣೆಯಿಂದ ಧಾರವಾಡದ ನಮ್ಮವ್ವನ ದನಿ ಕೇಳಿಸಿತು. ವಾಯ್ಸ್ ಮೆಸೇಜು: "ಆ ಬೆಕ್ಕು ಲೋಕಲ್ ಹತ್ತಿ ಎಲ್ಲಿಗ್ ಹೋತವ್ವಾ? ಲಗೂನ ಬರಿ, ನನಗ ನಿದ್ದಿ ಬರವಲ್ದು."

ಅವ್ವನಿಗೆ ಸೈನಿಕರಂತೆ ಕಾಗುಣಿತದ ತಪ್ಪು ಕಾಣುವುದಿಲ್ಲ. ಮುಂದೇನು ಎಂಬುದಷ್ಟೇ ಬೇಕು. ಬೆಕ್ಕು ಎಲ್ಲಿಗೆ ಹೋಯಿತೋ ನನಗಿನ್ನೂ ಗೊತ್ತಿಲ್ಲ. ಕೇಳಬಾರದೆಂದು ಬಹಳ ಕಷ್ಟಪಟ್ಟು ಸುಮ್ಮನಿದ್ದೇನೆ.